ಕೂದಲಿನ ಬಣ್ಣ: ನಿಮ್ಮ ಮುಖಕ್ಕೆ ಒಪ್ಪುವುದು ಯಾವುದು?

ಮನೆಯಲ್ಲಿ ಮದುವೆಯ ದಿನ ಗೊತ್ತಾದ ಕೂಡಲೇ ಹೆಂಗಸರ ಕಣ್ಣು ಬಟ್ಟೆ, ಬಂಗಾರದ ಜೊತೆಗೆ ಕನ್ನಡಿಯ ಕಡೆಗೂ ಹೋಗುತ್ತದೆ. ಬೈತಲೆಯ ಪಕ್ಕದಲ್ಲಿ ಇಣುಕುವ ನಾಲ್ಕು ಬಿಳಿ ಕೂದಲು ಆಗಲೇ ಕಾಣುವುದು. ಅಂಗಡಿಗೆ ಹೋಗುತ್ತೇವೆ. ಪೆಟ್ಟಿಗೆಯ ಮೇಲೆ ಬೆಳ್ಳಗಿನ ಯುವತಿಯೊಬ್ಬಳ ಹೊಂಬಣ್ಣದ ಕೂದಲು ಹೊಳೆಯುತ್ತಿರುತ್ತದೆ. ಅದನ್ನೇ ತಂದು ಹಚ್ಚುತ್ತೇವೆ. ಮರುದಿನ ನೋಡಿದವರೆಲ್ಲ "ಏನು, ಹುಷಾರಿಲ್ಲವೇ?" ಎಂದು ಕೇಳತೊಡಗುತ್ತಾರೆ.

ಇಲ್ಲಿ ತಪ್ಪು ಮುಖದ್ದಲ್ಲ, ಮೈಬಣ್ಣದ್ದೂ ಅಲ್ಲ. ನಮ್ಮ ಮುಖವನ್ನು ನೋಡಿ ಆರಿಸಬೇಕಾದ ಬಣ್ಣವನ್ನು ಪೆಟ್ಟಿಗೆಯ ಚಿತ್ರ ನೋಡಿ ಆರಿಸಿದ್ದೇ ತಪ್ಪು.

ನಾಲ್ಕು ಋತುಗಳ ಲೆಕ್ಕ

ಸ್ವಿಟ್ಜರ್ಲೆಂಡಿನ ಚಿತ್ರಕಲಾವಿದ ಯೊಹಾನೆಸ್ ಇಟ್ಟೆನ್ ಜರ್ಮನಿಯಲ್ಲಿ ಕಲಾಶಿಕ್ಷಕರಾಗಿದ್ದವರು. ವಿದ್ಯಾರ್ಥಿಗಳು ತಾವಾಗಿ ಇಷ್ಟಪಡುವ ಬಣ್ಣಗಳಿಗೂ ಅವರ ಮೈಬಣ್ಣ, ಕೂದಲಿನ ಬಣ್ಣಗಳಿಗೂ ಹೊಂದಿಕೆ ಇರುವುದನ್ನು ಅವರು ಗಮನಿಸಿದರು. ಬಣ್ಣಗಳನ್ನು ನಾಲ್ಕು ಋತುಗಳಿಗೆ ಹೋಲಿಸಿದರು. 1980ರಲ್ಲಿ ಅಮೆರಿಕದ ಕ್ಯಾರೊಲ್ ಜಾಕ್ಸನ್ ಬರೆದ 'ಕಲರ್ ಮಿ ಬ್ಯೂಟಿಫುಲ್' ಎಂಬ ಪುಸ್ತಕದಿಂದ ಈ ವಿಚಾರ ಸಾಮಾನ್ಯ ಮಹಿಳೆಯರವರೆಗೂ ತಲುಪಿತು.

ಲೆಕ್ಕ ಸರಳ. ಚರ್ಮ ಬೆಳ್ಳಗಿರಲಿ, ಕಪ್ಪಗಿರಲಿ, ಅದರ ಒಳಗೊಂದು ಛಾಯೆ ಇರುತ್ತದೆ. ಅದು ಹಳದಿಯ ಕಡೆಗಿದ್ದರೆ 'ಬೆಚ್ಚನೆಯ' ಛಾಯೆ, ಗುಲಾಬಿ ಅಥವಾ ನೀಲಿಯ ಕಡೆಗಿದ್ದರೆ 'ತಂಪಿನ' ಛಾಯೆ. ಬೆಚ್ಚಗಿದ್ದು ತಿಳಿಯಾಗಿದ್ದರೆ ವಸಂತ, ಬೆಚ್ಚಗಿದ್ದು ಗಾಢವಾಗಿದ್ದರೆ ಶರತ್ಕಾಲ. ತಂಪಾಗಿದ್ದು ಮೃದುವಾಗಿದ್ದರೆ ಬೇಸಿಗೆ, ತಂಪಾಗಿದ್ದು ಗಾಢವಾಗಿದ್ದರೆ ಚಳಿಗಾಲ. ಕಪ್ಪು ಕೂದಲು, ಕಂದು ಚರ್ಮದ ನಮ್ಮಲ್ಲಿ ಹೆಚ್ಚಿನವರನ್ನು ಶರತ್ಕಾಲ ಅಥವಾ ಚಳಿಗಾಲದ ಗುಂಪಿಗೆ ಸೇರಿಸುವುದು ರೂಢಿ. ಇದು ವಿಜ್ಞಾನದ ನಿಯಮವೇನಲ್ಲ, ಕಣ್ಣಿಗೆ ಕೊಡುವ ಒಂದು ತರಬೇತಿ ಮಾತ್ರ. ಆದರೆ ಇದರಲ್ಲಿ ಒಳ್ಳೆಯ ಅಂಶವೊಂದಿದೆ. ಯಾವ ಮೈಬಣ್ಣವೂ ಇಲ್ಲಿ ಕೀಳಲ್ಲ. ಬೆಳ್ಳಗಾಗುವುದು ಹೇಗೆ ಎಂದು ಇದು ಕೇಳುವುದಿಲ್ಲ. ಅಲ್ಲಾಹನು ಕೊಟ್ಟ ಬಣ್ಣಕ್ಕೆ ಯಾವುದು ಒಪ್ಪುತ್ತದೆ ಎಂದು ಕೇಳುತ್ತದೆ.

ಮನೆಯಲ್ಲೇ ಪರೀಕ್ಷೆ

ಇದಕ್ಕೆ ಪಾರ್ಲರಿಗೆ ಹೋಗಬೇಕಾಗಿಲ್ಲ. ಕಪಾಟಿನಲ್ಲಿರುವ ದುಪಟ್ಟಾಗಳೇ ಸಾಕು. ಬೆಳಿಗ್ಗೆ ಮುಖ ತೊಳೆದು, ಪೌಡರ್ ಹಚ್ಚದೆ ಕಿಟಕಿಯ ಬಳಿ ಕುಳಿತುಕೊಳ್ಳಿ. ಟ್ಯೂಬ್‌ಲೈಟಿನ ಬೆಳಕು ಬೇಡ. ಕೂದಲನ್ನು ಬಿಳಿ ಬಟ್ಟೆಯಿಂದ ಮುಚ್ಚಿ. ಮೊದಲು ಸಾಸಿವೆ ಹಳದಿ, ಇಟ್ಟಿಗೆ ಕೆಂಪು, ಕೆನೆ ಬಣ್ಣದ ದುಪಟ್ಟಾಗಳನ್ನು ಒಂದೊಂದಾಗಿ ಗಲ್ಲದ ಕೆಳಗೆ ಹಿಡಿಯಿರಿ. ಆಮೇಲೆ ರಾಣಿ ಬಣ್ಣ, ಕಡುನೀಲಿ, ಅಚ್ಚ ಬಿಳಿ.

ದುಪಟ್ಟಾವನ್ನು ನೋಡಬೇಡಿ, ಮುಖವನ್ನು ನೋಡಿ. ಒಪ್ಪುವ ಬಣ್ಣ ಬಂದಾಗ ಕಣ್ಣಿನ ಕೆಳಗಿನ ಕಪ್ಪು, ತುಟಿಯ ಸುತ್ತಲಿನ ನೆರಳು ಕಡಿಮೆಯಾದಂತೆ ಕಾಣುತ್ತದೆ. ಒಪ್ಪದ ಬಣ್ಣದಲ್ಲಿ ಅವೇ ಎದ್ದು ಕಾಣುತ್ತವೆ. ಮೊದಲ ಗುಂಪು ಒಪ್ಪಿದರೆ ನಿಮ್ಮದು ಬೆಚ್ಚನೆಯ ಛಾಯೆ, ಎರಡನೆಯದು ಒಪ್ಪಿದರೆ ತಂಪಿನದು. ಎರಡೂ ಒಪ್ಪಿದರೆ ನೀವು ನಡುವಿನವರು. ಅನುಮಾನವಿದ್ದರೆ ಅಕ್ಕ ತಂಗಿಯರನ್ನು ಕೂರಿಸಿಕೊಂಡು ಕೇಳಿ.

ಯಾರಿಗೆ ಯಾವುದು?

ಶರತ್ಕಾಲದವರಿಗೆ ಮದರಂಗಿಯ ಕೆಂಪು ಬೆರೆತ ಕಂದು, ತಾಮ್ರದ ಛಾಯೆಯ ಕಡುಕಂದು ಚೆನ್ನಾಗಿ ಕೂಡುತ್ತದೆ. ಚಳಿಗಾಲದವರಿಗೆ ಕಡುಕಂದು, ಅಥವಾ ನೇರಳೆ ಹಣ್ಣಿನ ಛಾಯೆ ಸ್ವಲ್ಪವೇ ಇರುವ ಕಂದು ಒಳ್ಳೆಯದು. ಹೊಂಬಣ್ಣ ಇವರ ಮುಖವನ್ನು ಬಾಡಿಸುತ್ತದೆ. ವಸಂತದವರಿಗೆ ಜೇನಿನಂಥ ಕಂದು, ಬೇಸಿಗೆಯವರಿಗೆ ಕೆಂಪಿಲ್ಲದ ಮಂದ ಕಂದು. ಯಾರೇ ಆಗಲಿ, ಹುಟ್ಟಿನಿಂದ ಬಂದ ಕೂದಲಿನ ಬಣ್ಣಕ್ಕಿಂತ ಒಂದೆರಡು ಮೆಟ್ಟಿಲು ಮಾತ್ರ ಆಚೆ ಈಚೆ ಹೋಗುವುದು ಲೇಸು. ಕಪ್ಪು ಕೂದಲನ್ನು ಹೊಂಬಣ್ಣಕ್ಕೆ ತರಬೇಕಾದರೆ ಮೊದಲು ಬ್ಲೀಚ್ ಮಾಡಬೇಕಾಗುತ್ತದೆ. ಅದರಿಂದ ಕೂದಲು ಒರಟಾಗಿ ತುಂಡಾಗುತ್ತದೆ.

ಮದರಂಗಿಗೂ ಒಂದು ಸ್ವಭಾವವಿದೆ. ಅದು ಕೂದಲನ್ನು ತಿಳಿಗೊಳಿಸುವುದಿಲ್ಲ. ಕಪ್ಪು ಕೂದಲಿನ ಮೇಲೆ ಬಿಸಿಲಿಗೆ ಹೊಳೆಯುವ ಕೆಂಪು ಮಾತ್ರ, ಬಿಳಿ ಕೂದಲಿನ ಮೇಲೆ ಕಿತ್ತಳೆ. ತಂಪಿನ ಛಾಯೆಯವರಿಗೆ ಈ ಕಿತ್ತಳೆ ಒಪ್ಪದಿದ್ದರೆ ಅಂಗಡಿಯಲ್ಲಿ ಇಂಡಿಗೊ ಪುಡಿ ಎಂದು ಸಿಗುವ ನೀಲಿ ಗಿಡದ ಎಲೆಯ ಪುಡಿಯನ್ನು ಬೆರೆಸಬಹುದು. ಎರಡೂ ಸಮನಾಗಿ ಬೆರೆತರೆ ಬಣ್ಣ ಕಂದಿಗೆ ತಿರುಗುತ್ತದೆ. ಇಂಡಿಗೊ ಹೆಚ್ಚಾದಷ್ಟೂ ಕಡುಕಂದು.

ಧರ್ಮ ಏನು ಹೇಳುತ್ತದೆ?

ನರೆಗೂದಲಿಗೆ ಬಣ್ಣ ಹಚ್ಚುವುದು ಇಸ್ಲಾಮಿನಲ್ಲಿ ಹೊಸ ವಿಷಯವಲ್ಲ. ಮಕ್ಕಾ ವಿಜಯದ ವರ್ಷ, ಅಂದರೆ ಕ್ರಿ.ಶ. 630ರಲ್ಲಿ, ಹಝ್ರತ್ ಅಬೂಬಕರ್(ರ)ರವರ ವೃದ್ಧ ತಂದೆ ಅಬೂ ಕುಹಾಫರನ್ನು ಪ್ರವಾದಿ(ಸ)ಯವರ ಬಳಿಗೆ ಕರೆತರಲಾಯಿತು. ಅವರ ತಲೆ, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅದರ ಬಣ್ಣ ಬದಲಾಯಿಸಿ, ಆದರೆ ಕಪ್ಪು ಬೇಡ ಎಂದು ಪ್ರವಾದಿ(ಸ) ಹೇಳಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಮದರಂಗಿ ಮತ್ತು ಕತಮ್ ಎಂಬ ಗಿಡದ ಬಣ್ಣವನ್ನು ಅವರು ಉತ್ತಮವೆಂದರೆಂದು ತಿರ್ಮಿದಿಯಲ್ಲಿದೆ. ಎರಡೂ ಸೇರಿದರೆ ಕೆಂಪಿಗೂ ಕಪ್ಪಿಗೂ ನಡುವಿನ ಬಣ್ಣ ಬರುತ್ತದೆ. ಅಚ್ಚ ಕಪ್ಪಿನ ವಿಷಯದಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಕೆಲವರು ನಿಷಿದ್ಧವೆಂದರೆ ಇನ್ನು ಕೆಲವರು ಅನಪೇಕ್ಷಿತವೆನ್ನುತ್ತಾರೆ. ನಿಮ್ಮ ವಿಶ್ವಾಸದ ಆಲಿಮರನ್ನು ಕೇಳಿ. ಸೌಂದರ್ಯದ ಲೆಕ್ಕದಲ್ಲಿಯೂ ವಯಸ್ಸಾದ ಮುಖದ ಸುತ್ತ ಅಚ್ಚ ಕಪ್ಪು ಕಟುವಾಗಿ ಕಾಣುತ್ತದೆ. ಕಡುಕಂದು ಮುಖವನ್ನು ಮೃದುಗೊಳಿಸುತ್ತದೆ.

ವುಝೂ, ಗುಸ್ಲ್ ಬಗ್ಗೆಯೂ ಹಲವರಿಗೆ ಸಂಶಯವಿದೆ. ಕೂದಲಿನೊಳಗೆ ಇಳಿದು ಬರೀ ಬಣ್ಣ ಉಳಿಸುವ ಮದರಂಗಿ, ಹೇರ್ ಡೈಗಳು ನೀರನ್ನು ತಡೆಯುವುದಿಲ್ಲ. ಪದರವಾಗಿ ಅಂಟಿ ನಿಲ್ಲುವಂಥದ್ದನ್ನು ಮಾತ್ರ ಮೊದಲು ತೊಳೆದು ತೆಗೆಯಬೇಕು.

ಪೆಟ್ಟಿಗೆಯ ಹಿಂಬದಿ ಓದಿ

ಬಣ್ಣ ಒಪ್ಪದಿದ್ದರೆ ಮುಖ ಮಂಕಾಗುತ್ತದೆ ಅಷ್ಟೆ. ರಾಸಾಯನಿಕ ಒಪ್ಪದಿದ್ದರೆ ಆಸ್ಪತ್ರೆಯೇ ಗತಿ. ಹೆಚ್ಚಿನ ಗಾಢ ಹೇರ್ ಡೈಗಳಲ್ಲಿ 'ಪಿಪಿಡಿ' ಎಂಬ ರಾಸಾಯನಿಕವಿರುತ್ತದೆ. ಅದರ ಪೂರ್ತಿ ಹೆಸರು ಪ್ಯಾರಾ ಫಿನೈಲಿನ್ ಡೈ ಅಮೈನ್. ಅದು ಕೆಲವರಿಗೆ ತೀವ್ರ ಅಲರ್ಜಿ ತರುತ್ತದೆ. ನೆತ್ತಿ ತುರಿಸಿ ನೀರಾಡುತ್ತದೆ, ಕಣ್ಣುರೆಪ್ಪೆ ಊದಿಕೊಳ್ಳುತ್ತದೆ. ಒಮ್ಮೆ ಬಂದ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಅಮೆರಿಕದ ಚರ್ಮವೈದ್ಯರ ಸಂಘವೊಂದು 2006ರಲ್ಲಿ ಪಿಪಿಡಿಯನ್ನು 'ವರ್ಷದ ಅಲರ್ಜಿಕಾರಕ' ಎಂದು ಹೆಸರಿಸಿತ್ತು.

'ಕಪ್ಪು ಮೆಹಂದಿ' ಎಂಬ ಹೆಸರಿಗೆ ಮರುಳಾಗಬೇಡಿ. ಮದರಂಗಿ ಎಲೆಗೆ ಕಪ್ಪು ಬಣ್ಣ ಕೊಡುವ ಗುಣವೇ ಇಲ್ಲ. ಕೆಲವೇ ನಿಮಿಷಗಳಲ್ಲಿ ಕಪ್ಪಾಗುವ ಪುಡಿಯಲ್ಲಿ ಬಹುಮಟ್ಟಿಗೆ ಪಿಪಿಡಿ ಬೆರೆತಿರುತ್ತದೆ. 'ಅಮೋನಿಯಾ ಇಲ್ಲ' ಎಂದು ಬರೆದಿದ್ದರೂ ಪಿಪಿಡಿ ಇರಬಹುದು. ಹಬ್ಬದ ದಿನ ಮಕ್ಕಳ ಕೈಗೆ ಕಪ್ಪು ಮೆಹಂದಿಯ ಚಿತ್ತಾರ ಬರೆಸುವ ತಾಯಂದಿರು ಇದನ್ನು ನೆನಪಿಡಬೇಕು. ಅಂದು ಹತ್ತಿದ ಅಲರ್ಜಿ ಮುಂದೊಂದು ದಿನ ಹೇರ್ ಡೈ ಹಚ್ಚಿದಾಗ ತಲೆ ಎತ್ತಬಹುದು.

ಆದ್ದರಿಂದ ಪ್ರತಿ ಸಲವೂ ಹಚ್ಚುವ 48 ಗಂಟೆ ಮೊದಲು ಪೆಟ್ಟಿಗೆಯಲ್ಲಿ ಹೇಳಿದಂತೆ ಕಿವಿಯ ಹಿಂದೆ ಅಥವಾ ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ನೋಡಿ. ತುರಿಕೆ, ಕೆಂಪು, ಊತ ಕಂಡರೆ ತೊಳೆದು ಆ ಪೆಟ್ಟಿಗೆಯನ್ನು ಎಸೆಯಿರಿ. ಮುಖ ಊದಿದರೆ, ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಮದುವೆಯ ಹಿಂದಿನ ದಿನವಂತೂ ಹೊಸ ಬಣ್ಣದ ಪ್ರಯೋಗ ಬೇಡವೇ ಬೇಡ. ಎರಡು ವಾರ ಮೊದಲೇ ಹಚ್ಚಿದರೆ ಒಪ್ಪದಿದ್ದರೂ ಸರಿಪಡಿಸಲು ಸಮಯವಿರುತ್ತದೆ.

ಬಣ್ಣ ಹಚ್ಚಲೇಬೇಕೆಂಬ ಕಡ್ಡಾಯವೇನೂ ಇಲ್ಲ. ನರೆಗೂದಲು ನಾಚಿಕೆಪಡುವ ವಿಷಯವಲ್ಲ. ಹಚ್ಚುವುದಾದರೆ ಮನೆಯವರ ಎದುರು ಕನ್ನಡಿ ನೋಡಿದಾಗ ನಿಮಗೇ ಸಂತೋಷವಾಗುವಂತಿರಲಿ. ಮುಂದಿನ ಸಲ ಅಂಗಡಿಗೆ ಹೋಗುವ ಮೊದಲು ಒಮ್ಮೆ ದುಪಟ್ಟಾಗಳನ್ನು ಹಿಡಿದು ಕಿಟಕಿಯ ಬಳಿ ಕುಳಿತುಕೊಳ್ಳಿ. ಅಂಗಡಿಯಲ್ಲಿ ಪೆಟ್ಟಿಗೆಯ ಮುಂಭಾಗದ ಚಿತ್ರವನ್ನು ಬಿಟ್ಟು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ.