ಬೆಳಕಿನ ಬರಹ

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ವಾಸಿಸುವವರಿಗೆ ನಗರದ ಕೋಟೆಯ ಬೆಟ್ಟವು ಚಿರಪರಿಚಿತವಾದುದು. ಆದರೆ ಆ ಬೆಟ್ಟವನ್ನು ಒಂದೇ ದಿನದಲ್ಲಿ ಮೂರು ಬಾರಿ ಗಮನವಿಟ್ಟು ನೋಡಿದವರು ವಿರಳ. ಬೆಳಗಿನ ಎಳೆಬಿಸಿಲು ಒಂದು ಮಗ್ಗುಲಿನಿಂದ ಬೀಳುವಾಗ ಬಂಡೆಗಳ ಬಿರುಕುಗಳೂ ಉಬ್ಬುತಗ್ಗುಗಳೂ ಸ್ಪಷ್ಟವಾಗಿ ಎದ್ದು ಕಾಣುತ್ತವೆ. ನಡುಹಗಲಿನಲ್ಲಿ ಸೂರ್ಯನು ನೆತ್ತಿಯ ಮೇಲಿರುವಾಗ ಅದೇ ಬೆಟ್ಟವು ಬಿಳಿಚಿಕೊಂಡು ಚಪ್ಪಟೆಯಾದಂತೆ ತೋರುತ್ತದೆ. ಸಂಜೆಯ ಹೊತ್ತಿಗೆ ಅದು ಹೊಂಬಣ್ಣವನ್ನು ತಳೆಯುತ್ತದೆ. ಬಂಡೆಯು ಬೆಳಗಿನಿಂದ ಸಂಜೆಯವರೆಗೆ ಒಂದೇ ಆಗಿದ್ದರೂ ನಮ್ಮ ಕಣ್ಣಿಗೆ ಬೇರೆ ಬೇರೆಯಾಗಿ ತೋರುವುದಕ್ಕೆ ಬೆಳಕೇ ಕಾರಣ. ಛಾಯಾಚಿತ್ರ ಕಲೆಯ ಮೊದಲನೆಯ ಪಾಠವು ಇದರಲ್ಲಿಯೇ ಅಡಗಿದೆ.

‘ಫೋಟೋಗ್ರಫಿ’ ಎಂಬ ಪದವು ಗ್ರೀಕ್ ಭಾಷೆಯ ಮೂಲದಿಂದ ಬಂದುದು. ‘ಬೆಳಕಿನಿಂದ ಬರೆಯುವುದು’ ಎಂದು ಅದರ ಅರ್ಥ. ನಾವು ಅದನ್ನು ಛಾಯಾಚಿತ್ರಣ, ಎಂದರೆ ನೆರಳಿನ ಚಿತ್ರಣವೆಂದು ಕರೆಯುತ್ತೇವೆ. ಅವರು ಬೆಳಕನ್ನು ಹೆಸರಿಸಿದರು, ನಾವು ನೆರಳನ್ನು ಹೆಸರಿಸಿದೆವು. ಎರಡೂ ಸೇರಿದಾಗಲೇ ಚಿತ್ರವು ಮೂಡುತ್ತದೆಯಾದ್ದರಿಂದ ಎರಡು ಹೆಸರುಗಳೂ ಸಾರ್ಥಕವಾಗಿವೆ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಆಂಗ್ಲ ಸೇನಾಧಿಕಾರಿಯು ಅಂದಿನ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹಂಪಿಯ ಅವಶೇಷಗಳ ಛಾಯಾಚಿತ್ರಗಳನ್ನು ತೆಗೆದನು. ಆಗ ಚಿತ್ರವನ್ನು ಮೂಡಿಸಲು ಅವನು ಬಳಸಿದುದು ಮೇಣ ಸವರಿದ, ಬೆಳಕಿಗೆ ಸ್ಪಂದಿಸುವ ದೊಡ್ಡ ಕಾಗದದ ಹಾಳೆಗಳನ್ನು. ಅಂತಹ ಕಾಗದದ ಮೇಲೆ ಚಿತ್ರವು ಮೂಡಬೇಕಾದರೆ ನಿಮಿಷಗಟ್ಟಲೆ ಬೆಳಕು ಬೀಳಬೇಕಾಗಿತ್ತು. ಅಲ್ಲಿಯವರೆಗೆ ಕ್ಯಾಮೆರವು ಕದಲುವಂತಿರಲಿಲ್ಲ. ಎಷ್ಟು ಬೆಳಕು, ಎಷ್ಟು ಹೊತ್ತು ಎಂಬುದನ್ನು ಅನುಭವದಿಂದಲೇ ಅಳೆಯಬೇಕಾಗಿತ್ತು. ಹಂಪಿಯ ಬಿಸಿಲಿನಲ್ಲಿ ಇದು ಸಾಮಾನ್ಯವಾದ ಸಾಹಸವಲ್ಲ.

ಇಂದು ನಮ್ಮ ಕೈಯಲ್ಲಿರುವ ಡಿಜಿಟಲ್ ಕ್ಯಾಮೆರದಲ್ಲಿ ಕಾಗದವೂ ಇಲ್ಲ, ಫಿಲ್ಮ್ ಸುರುಳಿಯೂ ಇಲ್ಲ. ಮಸೂರದ ಹಿಂದೆ ‘ಸೆನ್ಸರ್’ ಎಂಬ ಚಿಕ್ಕ ಫಲಕವಿರುತ್ತದೆ. ಅದರ ಮೇಲೆ ಬೆಳಕನ್ನು ಗ್ರಹಿಸುವ ಲಕ್ಷಾಂತರ ಸೂಕ್ಷ್ಮ ಬಿಂದುಗಳಿರುತ್ತವೆ. ಪ್ರತಿಯೊಂದು ಬಿಂದುವೂ ತನ್ನ ಮೇಲೆ ಬಿದ್ದ ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಆ ವಿದ್ಯುತ್ತು ಅಂಕಿಗಳ ರೂಪವನ್ನು ತಳೆದು ಚಿತ್ರವಾಗಿ ಉಳಿಯುತ್ತದೆ. 1975ರಲ್ಲಿ ಸ್ಟೀವನ್ ಸ್ಯಾಸನ್ ಎಂಬ ಅಮೆರಿಕದ ಎಂಜಿನಿಯರನು ಕೊಡ್ಯಾಕ್ ಸಂಸ್ಥೆಯಲ್ಲಿ ನಿರ್ಮಿಸಿದ ಮೊದಲನೆಯ ಡಿಜಿಟಲ್ ಕ್ಯಾಮೆರದಲ್ಲಿ ಇಂತಹ ಬಿಂದುಗಳು ಕೇವಲ 10,000 ಇದ್ದವು. ಒಂದು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು ಅದಕ್ಕೆ 23 ಸೆಕೆಂಡುಗಳು ಬೇಕಾಗಿದ್ದವು. ಉಪಕರಣವು ಅಂದಿನಿಂದ ಬಹಳ ಮುಂದುವರಿದಿದೆ. ಆದರೂ ಬೆಳಕನ್ನು ಅಳೆದು ಒಳಗೆ ಬಿಡುವ ಮೂಲತತ್ತ್ವವು ಗ್ರೀನ್‌ಲಾನ ಕಾಲದಲ್ಲಿ ಇದ್ದಂತೆಯೇ ಉಳಿದಿದೆ.

ಬೀದಿಯ ನಲ್ಲಿಯಲ್ಲಿ ಕೊಡವನ್ನು ತುಂಬಿಸುವುದನ್ನು ನೀವೆಲ್ಲರೂ ಕಂಡಿದ್ದೀರಿ. ನಲ್ಲಿಯನ್ನು ಹೆಚ್ಚು ತಿರುಗಿಸಿದರೆ ಕೊಡವು ಬೇಗ ತುಂಬುತ್ತದೆ. ಸಣ್ಣ ಧಾರೆಯಾದರೆ ಹೆಚ್ಚು ಹೊತ್ತು ಕಾಯಬೇಕು. ಕೊಡವೇ ಚಿಕ್ಕದಾಗಿದ್ದರೆ ಸ್ವಲ್ಪ ನೀರೇ ಸಾಕು. ಕ್ಯಾಮೆರದಲ್ಲಿ ನಲ್ಲಿಯ ಕೆಲಸವನ್ನು ಮಾಡುವುದು ‘ಅಪರ್ಚರ್’ ಎಂಬ ರಂಧ್ರ. ಕಾಲವನ್ನು ನಿಯಂತ್ರಿಸುವುದು ‘ಷಟರ್’ ಎಂಬ ಕದ. ಕೊಡದ ಗಾತ್ರಕ್ಕೆ ಸಮನಾದುದು ‘ಐ.ಎಸ್.ಓ.’ ಎಂಬ ಸಂಖ್ಯೆ. ಈ ಸಂಖ್ಯೆಯು ಹೆಚ್ಚಿದಷ್ಟೂ ಚಿತ್ರಕ್ಕೆ ಬೇಕಾಗುವ ಬೆಳಕು ಕಡಿಮೆಯಾಗುತ್ತದೆ. ಕೊಡವು ತುಂಬದಿದ್ದರೆ ಚಿತ್ರವು ಕಪ್ಪಾಗುತ್ತದೆ, ತುಂಬಿ ಹರಿದರೆ ಬಿಳಿಚುತ್ತದೆ.

ಅಪರ್ಚರನ್ನು ಎಫ್ 2.8, ಎಫ್ 4, ಎಫ್ 5.6, ಎಫ್ 8 ಎಂದು ಗುರುತಿಸುತ್ತಾರೆ. ಸಂಖ್ಯೆಯು ದೊಡ್ಡದಾದಂತೆ ರಂಧ್ರವು ಚಿಕ್ಕದಾಗುತ್ತದೆ. ಇದು ವಿಚಿತ್ರವೆನಿಸಬಹುದು. ಆದರೆ ಈ ಅಂಕಿಗಳು ಭಿನ್ನರಾಶಿಯ ಛೇದಗಳೆಂದು ತಿಳಿದರೆ ಗೊಂದಲವಿಲ್ಲ. ನಾಲ್ಕನೆಯ ಒಂದು ಪಾಲು ರೊಟ್ಟಿಯು ಎಂಟನೆಯ ಒಂದು ಪಾಲಿಗಿಂತ ದೊಡ್ಡದಲ್ಲವೆ? ದೊಡ್ಡ ರಂಧ್ರದಿಂದ ತೆಗೆದ ಚಿತ್ರದಲ್ಲಿ ನಾವು ಗುರಿಯಿಟ್ಟ ಮುಖವೊಂದೇ ಸ್ಫುಟವಾಗಿದ್ದು ಹಿನ್ನೆಲೆಯು ಮಸುಕಾಗುತ್ತದೆ. ಚಿಕ್ಕ ರಂಧ್ರದಿಂದ ತೆಗೆದಾಗ ಹತ್ತಿರದ ಕಂಬವೂ ದೂರದ ಬೆಟ್ಟವೂ ಸ್ಪಷ್ಟವಾಗಿ ಕಾಣುತ್ತವೆ.

ಷಟರಿನ ವೇಗವನ್ನು ಸೆಕೆಂಡಿನ ಭಾಗಗಳಲ್ಲಿ ಹೇಳುತ್ತಾರೆ. ಕಬಡ್ಡಿಯ ಆಟಗಾರನು ನೆಗೆಯುವ ಕ್ಷಣವನ್ನು ಹಿಡಿಯಲು 1/1000 ಸೆಕೆಂಡಿನಷ್ಟು ವೇಗವು ಬೇಕಾಗುತ್ತದೆ. ಅದನ್ನೇ 1/30ರಲ್ಲಿ ತೆಗೆದರೆ ಅವನ ಕೈಕಾಲುಗಳು ಹೊಗೆಯಂತೆ ಹರಡುತ್ತವೆ. ಕದವು ಹೆಚ್ಚು ಹೊತ್ತು ತೆರೆದಿರುವಾಗ ನಮ್ಮ ಕೈಯ ನಡುಕವೂ ಚಿತ್ರವನ್ನು ಕೆಡಿಸುತ್ತದೆ. ಆದುದರಿಂದ ಮಂದ ಬೆಳಕಿನಲ್ಲಿ ಕ್ಯಾಮೆರವನ್ನು ಗೋಡೆಗೋ ಕಲ್ಲಿಗೋ ಆನಿಸುವುದು ಲೇಸು.

ಐ.ಎಸ್.ಓ. ಸಂಖ್ಯೆಯನ್ನು 100ರಿಂದ 200ಕ್ಕೆ ಏರಿಸಿದರೆ ಅರ್ಧ ಬೆಳಕೇ ಸಾಕಾಗುತ್ತದೆ. ಹಾಗೆಂದು ಮನಬಂದಂತೆ ಏರಿಸುವುದು ಸರಿಯಲ್ಲ. ಚಿಕ್ಕ ಕೊಡವು ಬೇಗ ತುಂಬಿದರೂ ನಮಗೆ ದೊರೆತ ನೀರು ಸ್ವಲ್ಪವೇ. ಹಾಗೆಯೇ ಅಲ್ಪ ಬೆಳಕಿನಿಂದ ಮೂಡಿದ ಚಿತ್ರದಲ್ಲಿ ಮರಳು ಎರಚಿದಂತೆ ಚುಕ್ಕೆಗಳು ಕಾಣಿಸಿಕೊಂಡು ನವುರಾದ ವಿವರಗಳು ಮಾಸಿಹೋಗುತ್ತವೆ.

ಈ ಮೂರನ್ನೂ ಹೊಂದಿಸುವುದು ಹೇಗೆ? ಹಳೆಯ ಛಾಯಾಗ್ರಾಹಕರಲ್ಲಿ ಒಂದು ಸುಲಭ ಸೂತ್ರವಿತ್ತು. ಪ್ರಖರವಾದ ಬಿಸಿಲಿನಲ್ಲಿ, ಐ.ಎಸ್.ಓ. 100 ಇರುವಾಗ, ಎಫ್ 16 ರಂಧ್ರಕ್ಕೆ ಸುಮಾರು 1/125 ಸೆಕೆಂಡು ಸರಿಹೊಂದುತ್ತದೆ. ರಂಧ್ರವನ್ನು ಎಫ್ 11ಕ್ಕೆ ಹಿಗ್ಗಿಸಿದರೆ ಇಮ್ಮಡಿ ಬೆಳಕು ಬರುವುದರಿಂದ ಕಾಲವನ್ನು 1/250ಕ್ಕೆ ಇಳಿಸಬೇಕು. ಎರಡರಲ್ಲಿಯೂ ಕೊಡವು ತುಂಬುವುದು ಒಂದೇ ಸಮನಾಗಿ. ಮೊಬೈಲ್ ಫೋನುಗಳಲ್ಲಿ ಸಾಮಾನ್ಯವಾಗಿ ರಂಧ್ರದ ಗಾತ್ರವು ಬದಲಾಗುವುದಿಲ್ಲ. ಉಳಿದೆರಡನ್ನು ಯಂತ್ರವೇ ನಿರ್ಧರಿಸುತ್ತದೆ.

ಯಂತ್ರದ ನಿರ್ಧಾರವು ಸದಾ ಸರಿಯಾಗಿರುತ್ತದೆಯೆಂದು ಭಾವಿಸಬಾರದು. ತನ್ನ ಮುಂದಿರುವ ದೃಶ್ಯವು ತೀರ ಕಪ್ಪೂ ಅಲ್ಲದ, ತೀರ ಬಿಳುಪೂ ಅಲ್ಲದ ಬೂದುಬಣ್ಣದ ಸರಾಸರಿಯೆಂದು ಅದು ಎಣಿಸುತ್ತದೆ. ಆದ್ದರಿಂದ ಹತ್ತಿಯ ರಾಶಿಯನ್ನು ಚಿತ್ರದ ತುಂಬ ಹಿಡಿದರೆ ಅದು ಮಾಸಿದಂತೆ ಕಾಣುತ್ತದೆ. ಎಮ್ಮೆಯನ್ನು ಹಿಡಿದರೆ ಬೂದಿ ಬಳಿದಂತೆ ತೋರುತ್ತದೆ. ಹತ್ತಿಗೆ ಬೆಳಕನ್ನು ತುಸು ಹೆಚ್ಚಿಸಿ, ಎಮ್ಮೆಗೆ ತುಸು ತಗ್ಗಿಸಿದರೆ ಎರಡೂ ತಮ್ಮ ನಿಜವಾದ ಬಣ್ಣದಲ್ಲಿ ಮೂಡುತ್ತವೆ. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ಬೆಳಕು ಅತಿಯಾಗಿ ಪೂರ್ಣ ಬೆಳ್ಳಗಾದ ಭಾಗದಲ್ಲಿ ಯಾವ ವಿವರವೂ ಉಳಿಯುವುದಿಲ್ಲ. ಅದನ್ನು ಅನಂತರ ಮರಳಿ ಪಡೆಯಲಾಗದು.

ಬೆಳಕಿನ ಪ್ರಮಾಣದಷ್ಟೇ ಅದರ ದಿಕ್ಕೂ ಮುಖ್ಯ. ಬಳ್ಳಾರಿ ಜಿಲ್ಲೆಯ ನಿಟ್ಟೂರಿನ ಬಂಡೆಯ ಮೇಲೆ ಮೌರ್ಯ ಚಕ್ರವರ್ತಿ ಅಶೋಕನ ಶಾಸನವಿದೆ. ಅದರಲ್ಲಿ ಅಶೋಕನ ಹೆಸರೇ ಬಂದಿರುವುದು ವಿಶೇಷ. ಇಂತಹ ಸವೆದ ಅಕ್ಷರಗಳ ಮೇಲೆ ಬೆಳಕು ನೇರವಾಗಿ ಬಿದ್ದರೆ ಅವು ಬಂಡೆಯಲ್ಲಿಯೇ ಕರಗಿಹೋದಂತೆ ಕಾಣುತ್ತವೆ. ಓರೆಯಾಗಿ ಬಿದ್ದಾಗ ಪ್ರತಿಯೊಂದು ಗೆರೆಯ ತಗ್ಗಿನಲ್ಲಿಯೂ ನೆರಳು ನಿಂತು ಅಕ್ಷರಗಳು ಮೇಲೆದ್ದು ಬರುತ್ತವೆ. ಛಾಯಾಚಿತ್ರಕ್ಕೆ ಛಾಯೆಯೂ ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಇಷ್ಟೆಲ್ಲ ಎಚ್ಚರವೇಕೆಂದು ನೀವು ಕೇಳಬಹುದು. ಇದಕ್ಕೆ ಉತ್ತರವಾಗಿ ಹಂಪಿಯ ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನೆನೆಯೋಣ. 2017ರಲ್ಲಿ ಹೊರಬಂದ ಐವತ್ತು ರೂಪಾಯಿಯ ನೋಟಿನ ಮೇಲೆ ಆ ರಥದ ಚಿತ್ರವಿದೆ. ಅದರ ನೆತ್ತಿಯ ಮೇಲೆ ಗೋಪುರವಿಲ್ಲ. ಆದರೆ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಗೋಪುರವು ನಿಂತಿದೆ! ಕಾಲಾಂತರದಲ್ಲಿ ಆ ಗೋಪುರವು ಇಲ್ಲವಾಯಿತು. ಅವನ ಕಾಗದದ ಹಾಳೆಗಳೂ ಬಹುಕಾಲ ಮರೆಯಲ್ಲಿದ್ದು 1980ರಲ್ಲಿ ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕನು ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲಿಂದ ಮತ್ತೆ ಚಿತ್ರಗಳನ್ನು ತೆಗೆದನು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಅಷ್ಟು ಕಾಲದಲ್ಲಿ ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬುದು ತಿಳಿಯುತ್ತದೆ. ಅಂದು ಗ್ರೀನ್‌ಲಾ ಬೆಳಕನ್ನು ತಪ್ಪಾಗಿ ಅಳೆದಿದ್ದರೆ ಆ ಗೋಪುರವು ಬೆಳ್ಳಗಿನ ಆಕಾಶದಲ್ಲಿಯೇ ಕಳೆದುಹೋಗುತ್ತಿತ್ತು. ನಮಗೆ ಅದರ ರೂಪವನ್ನು ತೋರಿಸುವ ಈ ಸಾಕ್ಷಿಯೂ ದೊರೆಯುತ್ತಿರಲಿಲ್ಲ.

ನಿಮ್ಮ ಬೀದಿಯ ಹಳೆಯ ಮನೆ, ಮರದ ಕೆತ್ತನೆಯ ಬಾಗಿಲು, ಅಜ್ಜಿಯ ಮುಖ – ಇವೆಲ್ಲವೂ ಹಾಗೆಯೇ ಉಳಿಯುವುದಿಲ್ಲ. ನಾಳೆ ಅವುಗಳ ಚಿತ್ರವನ್ನು ತೆಗೆಯಲು ಹೊರಟಾಗ ಮೊದಲು ಬೆಳಕು ಎಲ್ಲಿಂದ ಬರುತ್ತಿದೆಯೆಂದು ನೋಡಿರಿ. ಮನುಷ್ಯರ ಚಿತ್ರವಾದರೆ ಅವರ ಒಪ್ಪಿಗೆಯನ್ನು ಕೇಳಿರಿ. ತೆಗೆದ ಚಿತ್ರಕ್ಕೆ ಊರು, ದಿನಾಂಕ, ಹೊತ್ತು ಇವುಗಳನ್ನು ಬರೆದಿಡಿರಿ. ಇಂದು ನೀವು ಬೆಳಕನ್ನು ಸರಿಯಾಗಿ ಅಳೆದು ತೆಗೆದ ಒಂದು ಚಿತ್ರವು ಮುಂದೆ ಹುಟ್ಟುವವರಿಗೆ ನಿಮ್ಮ ಊರನ್ನು ತೋರಿಸುವ ಸಾಕ್ಷಿಯಾದೀತು.