ಕರಾರಿನಲ್ಲಿ ‘ಮೇ’ ಇದೆಯೇ, ‘ಶಲ್’ ಇದೆಯೇ? ಸಹಿ ಹಾಕುವ ಮೊದಲು ನೋಡಿ

ಅಲ್ ಮಬೇಲಾ: ಇಲ್ಲಿನ ಗ್ಯಾರೇಜು, ವರ್ಕ್‌ಶಾಪು, ಗೋದಾಮುಗಳಲ್ಲಿ ದುಡಿಯುವ ಕನ್ನಡಿಗರಲ್ಲಿ ಅನೇಕರು ಕೆಲಸದ ಕರಾರು ಕೈಗೆ ಬಂದಾಗ ನೋಡುವುದು ಎರಡೇ: ಸಂಬಳ ಎಷ್ಟು, ಎಷ್ಟು ವರ್ಷ. ಆದರೆ ವಾಕ್ಯದ ನಡುವೆ ಕೂತಿರುವ ಒಂದು ಪುಟ್ಟ ಇಂಗ್ಲಿಷ್ ಪದ ಊರಿಗೆ ಕಳಿಸುವ ದುಡ್ಡನ್ನೇ ಹೆಚ್ಚು ಕಡಿಮೆ ಮಾಡಬಲ್ಲದು.

ಉದಾಹರಣೆಗೆ ಎರಡು ವಾಕ್ಯ ನೋಡಿ. ‘ಕಂಪನಿ ಶಲ್ ಪ್ರೊವೈಡ್ ಅಕಾಮಡೇಶನ್’ ಅಂದರೆ ಕಂಪನಿ ರೂಮು ಕೊಡಲೇಬೇಕು. ‘ಕಂಪನಿ ಮೇ ಪ್ರೊವೈಡ್ ಅಕಾಮಡೇಶನ್’ ಅಂದರೆ ಕೊಡಬಹುದು, ಕೊಡದೆಯೂ ಇರಬಹುದು. ಅದು ಕಂಪನಿಯ ಇಷ್ಟ. ಎರಡನೆಯದನ್ನು ಓದಿ ‘ರೂಮು ಕೊಡ್ತಾರಂತೆ’ ಎಂದು ಮನೆಗೆ ಫೋನ್ ಮಾಡಿದವರು ಆಮೇಲೆ ಬಾಡಿಗೆಯನ್ನು ಸ್ವಂತ ಕಿಸೆಯಿಂದ ಕಟ್ಟಬೇಕಾದೀತು.

ಈ ಎರಡನ್ನು ಗುರುತಿಸಲು ಕನ್ನಡದಲ್ಲೇ ದಾರಿ ಇದೆ. ಊರಿನ ಹಳೆಯ ಗೇಣಿ ಪತ್ರ, ಕ್ರಯಪತ್ರಗಳ ಭಾಷೆಯಲ್ಲಿ ‘ಕೊಡತಕ್ಕದ್ದು’, ‘ಮಾಡತಕ್ಕದ್ದು’ ಎಂದು ಬರುತ್ತದಲ್ಲ, ಕರಾರಿನ ‘ಶಲ್’ ಅದೇ. ‘ಮೇ’ ಅಂದರೆ ‘ಬಹುದು’.

ಆದರೆ ‘ಮೇ’ ಬಂದಾಗ ಆಯ್ಕೆ ಯಾರ ಕೈಯಲ್ಲಿದೆ ಎಂದೂ ನೋಡಬೇಕು. ‘ವರ್ಕರ್ ಮೇ ಬಿ ಟ್ರಾನ್ಸ್‌ಫರ್ಡ್ ಟು ಎನಿ ಸೈಟ್’ ಎಂದಿದ್ದರೆ ಬೇಕಾದರೆ ಹೋಗಬಹುದು ಎಂದಲ್ಲ. ಕಂಪನಿ ಬೇರೆ ಸೈಟಿಗೆ ಕಳಿಸಬಹುದು ಎಂದು ಅರ್ಥ. ಇಲ್ಲಿ ಆಯ್ಕೆ ಕಂಪನಿಯದ್ದು.

ಹೆಚ್ಚು ಗೊಂದಲ ‘ನಾಟ್’ ಸೇರಿದಾಗ. ಒಮಾನಿನ 2023ರ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸಗಾರನ ಲಿಖಿತ ಒಪ್ಪಿಗೆ ಇಲ್ಲದೆ ಮಾಲೀಕರು ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ. ಇಂಥ ನಿಯಮವನ್ನು ಇಂಗ್ಲಿಷಿನಲ್ಲಿ ‘ಮೇ ನಾಟ್’, ‘ಶಲ್ ನಾಟ್’, ‘ಮಸ್ಟ್ ನಾಟ್’ ಎಂದು ಬರೆಯುವುದುಂಟು. ಕಾನೂನಿನ ಭಾಷೆಯಲ್ಲಿ ಮೂರಕ್ಕೂ ಅರ್ಥ ಒಂದೇ: ‘ಬಾರದು’. ಆದರೆ ಮಾತಿನಲ್ಲಿ ‘ಹಿ ಮೇ ನಾಟ್ ಕಮ್’ ಎಂದರೆ ‘ಅವ ಬರದೇ ಇರಬಹುದು’ ಅಷ್ಟೇ.

‘ಮಸ್ಟ್ ನಾಟ್’ ಮತ್ತು ‘ನೀಡ್ ನಾಟ್’ ಕೂಡ ಬೇರೆ ಬೇರೆ. ‘ಯು ಮಸ್ಟ್ ನಾಟ್ ಕಮ್’ ಅಂದರೆ ಬರಲೇಬಾರದು. ‘ಯು ನೀಡ್ ನಾಟ್ ಕಮ್’ ಅಥವಾ ‘ಯು ಡೋಂಟ್ ಹ್ಯಾವ್ ಟು ಕಮ್’ ಅಂದರೆ ಬರಬೇಕಾಗಿಲ್ಲ, ಬಂದರೆ ತಪ್ಪೂ ಇಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಒಮಾನಿನಲ್ಲಿ ಮಧ್ಯಾಹ್ನ 12.30ರಿಂದ 3.30ರವರೆಗೆ ಬಿಸಿಲಿನಲ್ಲಿ ಹೊರಗಿನ ಕೆಲಸ ಮಾಡಿಸುವುದು ‘ಮಸ್ಟ್ ನಾಟ್’ ಲೆಕ್ಕ, ‘ನೀಡ್ ನಾಟ್’ ಅಲ್ಲ.

ಇನ್ನು ‘ಶುಡ್’. ಮಾತಿನಲ್ಲಿ ಇದು ‘ಮಾಡಿದರೆ ಒಳ್ಳೆಯದು’ ಎಂಬ ಸಲಹೆ, ‘ಮಸ್ಟ್’ ಕಟ್ಟುನಿಟ್ಟು. ಕನ್ನಡದಲ್ಲಿ ಎರಡಕ್ಕೂ ‘ಬೇಕು’ ಎಂದೇ ಹೇಳುತ್ತೇವೆ, ಹಾಗಾಗಿ ತಪ್ಪಾಗುತ್ತದೆ. ರಜೆ ಕೇಳುವಾಗ ಸೂಪರ್‌ವೈಸರ್‌ಗೆ ‘ಯು ಮಸ್ಟ್ ಗಿವ್ ಲೀವ್’ ಎಂದು ಬರೆದರೆ ಅದು ಆಜ್ಞೆಯಂತೆ ಕೇಳುತ್ತದೆ. ‘ಮೇ ಐ ಟೇಕ್ ಲೀವ್’ ಅಥವಾ ‘ಕುಡ್ ಯು ಪ್ಲೀಸ್ ಅಪ್ರೂವ್ ಮೈ ಲೀವ್’ ಎಂದರೆ ಅದೇ ಮಾತು ಮರ್ಯಾದೆಯಿಂದ ತಲುಪುತ್ತದೆ. ‘ಕ್ಯಾನ್ ಐ’ ಕೂಡ ತಪ್ಪಲ್ಲ, ಗೆಳೆಯರ ನಡುವೆ ಸರಿ.

ಎರಡು ಸಂಗತಿ ನೆನಪಿರಲಿ. ಕರಾರು ಬೇರೆ ಭಾಷೆಯಲ್ಲಿದ್ದರೂ ಅದರ ಜೊತೆ ಅರೇಬಿಕ್ ಪ್ರತಿ ಇರಬೇಕು. ಅದರಲ್ಲಿ ಏನಿದೆ ಎಂದು ತಿಳಿದವರಿಂದ ಓದಿಸಿಕೊಳ್ಳಿ. ಕಾನೂನು ಕೊಟ್ಟ ಹಕ್ಕನ್ನು ಕರಾರಿನ ಒಂದು ‘ಮೇ’ ಕಸಿದುಕೊಳ್ಳಲಾಗದು.

ಸಹಿ ಹಾಕುವ ಮೊದಲು ಒಂದು ಪೆನ್ಸಿಲ್ ಹಿಡಿದು ಪ್ರತಿ ‘ಶಲ್’, ಪ್ರತಿ ‘ಮೇ’ ಕೆಳಗೆ ಗೆರೆ ಎಳೆಯಿರಿ. ರೂಮು, ಊಟ, ಟಿಕೆಟ್, ಓವರ್‌ಟೈಮ್ ಈ ನಾಲ್ಕು ಕಡೆ ಯಾವುದಿದೆ ನೋಡಿ. ‘ಮೇ’ ಇದ್ದರೆ, ‘ಇದನ್ನು ಶಲ್ ಮಾಡಿ ಕೊಡ್ತೀರಾ ಸರ್?’ ಎಂದು ಆಗಲೇ ಕೇಳಿ. ಸಹಿ ಆದ ಮೇಲೆ ಕೇಳುವುದು ಕಷ್ಟ.