ಚಾಳೀಸು ಬಂತೇ? ಮೊದಲು ಅಳತೆ ಮಾಡಿಸಿ

ಕಡ್ಲೆಕಾಯಿ ಮಂಡಿಯ ಚೀಟಿಯಲ್ಲಿ ಮೂರು ಎಂಟಾಗಿ ಕಂಡ ದಿನವೇ ನನಗೆ ಗೊತ್ತಾಯಿತು, ಕಣ್ಣು ಕೈಕೊಡ್ತಿದೆ ಅಂತ. ಕನ್ನಡದಲ್ಲಿ ಇದು ಚಾಳೀಸು, ತೆಲುಗಿನಲ್ಲಿ ಚತ್ವಾರಂ. ಎರಡರ ಮೂಲವೂ ನಲವತ್ತೇ! ಮಡಕಶಿರಾ ಸಂತೆಯಲ್ಲಿ ರೆಡಿಮೇಡ್ ಕನ್ನಡಕ ಕೊಂಡೆ. ಅಕ್ಷರ ಕಂಡವು, ಜೊತೆಗೆ ತಲೆನೋವೂ ಬಂತು.

ಕೊನೆಗೆ ರಾಯದುರ್ಗದಲ್ಲಿ ಆಪ್ಟೋಮೆಟ್ರಿಸ್ಟ್ ಒಬ್ಬರನ್ನು ಹುಡುಕಿದೆ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋದ ಊರು; "ಚದವಂಡಿ ಸಾರ್" ಎಂದು ಅವರು ತೋರಿಸಿದ ತೆಲುಗು ಬೋರ್ಡನ್ನು ಸಲೀಸಾಗಿ ಓದಿದೆ. ಕಣ್ಣಿಗೆ ಬೆಳಕು ಬಿಟ್ಟು, ಗಾಜು ಬದಲಿಸಿ ಬದಲಿಸಿ ನೋಡಿದರು. ಒಂದೊಂದು ಕಣ್ಣಿನ ನಂಬರು ಒಂದೊಂದು! ಸಂತೆ ಕನ್ನಡಕದಲ್ಲಿ ಎರಡೂ ಗಾಜು ಒಂದೇ ನಂಬರು.

"ಎಡಗಣ್ಣಲ್ಲಿ ಪೊರೆ ಶುರುವಾಗಿದೆ. ಆಪರೇಷನ್ ನನ್ನ ಕೆಲಸ ಅಲ್ಲ, ಕಣ್ಣಿನ ಡಾಕ್ಟರ ಹತ್ರ ಹೋಗಿ" ಎಂದು ಚೀಟಿ ಬರೆದರು.

ಗಾಜು ಕೂರಿಸುವವರು ಅಂಗಡಿಯವರು. ದೃಷ್ಟಿ ಅಳೆದು ನಂಬರು ಕೊಡುವವರು, ರೋಗದ ಸುಳಿವು ಹಿಡಿಯುವವರು ಆಪ್ಟೋಮೆಟ್ರಿಸ್ಟ್. ಶಸ್ತ್ರಚಿಕಿತ್ಸೆ ನೇತ್ರವೈದ್ಯರದು. ಆಪ್ಟೋಮೆಟ್ರಿ ಪದವಿ ನಾಲ್ಕು ವರ್ಷದ್ದು; 2021ರ ಕೇಂದ್ರ ಕಾನೂನಿನಲ್ಲಿ ಈ ವೃತ್ತಿಯೂ ಸೇರಿದೆ. ಹಾಗಾಗಿ ಬೋರ್ಡು ನೋಡಿ ಒಳಗೆ ಹೋಗಬೇಡಿ, "ಏನು ಓದಿದ್ದೀರಿ?" ಎಂದು ಸಂಕೋಚವಿಲ್ಲದೆ ಕೇಳಿ. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಕಣ್ಣು ತೋರಿಸಲೇಬೇಕು. ತಕ್ಕಡಿ ಸರಿ ಇದೆಯೇ ಎಂದು ನೋಡುವ ನಾವು, ತಕ್ಕಡಿ ನೋಡುವ ಕಣ್ಣನ್ನೂ ಒಮ್ಮೆ ನೋಡಿಸಬಾರದೇ?